ಬಿಕ್ಕಲಂ

ಉಪನೋಂದಣಿ ಕಚೇರಿಯ ಕಾಂಪೌಂಡಿಗೆ ಬೆನ್ನು ಕೊಟ್ಟ
ನನ್ನ ತಗಡಿನ ಡಬ್ಬಿಯೊಳಗೆ
ಒಂದು ಕಂಪ್ಯೂಟರು, ಒಂದು ಪ್ರಿಂಟರು, ಇಂಕಿನ ಪ್ಯಾಡು,
ಹೆಬ್ಬೆರಳು ಒರೆಸಲು ಹಳೇ ಲುಂಗಿಯ ತುಂಡು.
ಇಪ್ಪತ್ತೆರಡು ವರ್ಷದಿಂದ ಇಲ್ಲಿ
ಹನ್ನೊಂದು ತಿಂಗಳಿಗೇ ವರ್ಷ ಮುಗಿಯುತ್ತದೆ.
ವರ್ಷ ದಾಟಿದರೆ ನೋಂದಣಿ, ನೋಂದಣಿಯೆಂದರೆ ಖರ್ಚು;
ಅದಕ್ಕೇ ಒಂದು ತಿಂಗಳನ್ನು ಎಲ್ಲರೂ
ಚಪ್ಪಲಿಯ ಹಾಗೆ ಹೊರಗೇ ಬಿಟ್ಟು ಬರುತ್ತಾರೆ.

ಮಂಡಿಪೇಟೆಯ ಮಳಿಗೆ, ವಿದ್ಯಾನಗರದ ಮಹಡಿಮನೆ,
ಆಜಾದ್ ನಗರದ ಮಂಡಕ್ಕಿ ಭಟ್ಟಿ:
ಹೆಸರು ಬದಲಿಸು, ಚಕ್ಕುಬಂದಿ ಬದಲಿಸು, ಮುಂಗಡ ಬದಲಿಸು,
ಉಳಿದದ್ದು ಉಳಿದ ಹಾಗೇ.
ಕೊನೆಯ ಸಾಲು ಬೆರಳಿಗೇ ಬಾಯಿಪಾಠ:
"ಓದಿಸಿ ಕೇಳಿ, ತಿಳಿದು, ಒಪ್ಪಿ,
ಯಾರ ಒತ್ತಾಯವೂ ಇಲ್ಲದೆ ರುಜು ಮಾಡಿರುತ್ತೇನೆ."
ಅದರ ಕೆಳಗೆ, ಬಿಕ್ಕಲಂ: ದಾದಾಪೀರ್, ದಾವಣಗೆರೆ.
ಓದಿದವರಿಲ್ಲ. ಕೇಳಿದವರಿಲ್ಲ.
"ಎಲ್ಲಿ ಸೈನು?" ಎಂಬುದೊಂದೇ ಪ್ರಶ್ನೆ.
"ಇಲ್ಲಿ" ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ.

ಹೋದ ಸೋಮವಾರ ಉಚ್ಚೆಂಗೆಮ್ಮ ಬಂದಳು,
ಹರಪನಹಳ್ಳಿ ಕಡೆಯವಳು, ಈಗಷ್ಟೇ ನರ್ಸಿಂಗ್ ಮುಗಿಸಿದವಳು.
ಜೊತೆಗೆ ನರ್ಸಿಂಗ್ ಹೋಮಿನ ಮ್ಯಾನೇಜರ್ ಗುರುಶಾಂತಪ್ಪ,
ಬೈಕಿನ ಎಂಜಿನ್ನು ಆರಿಸದೆ.
ಛಾಪಾಕಾಗದ ಸೇರಿ ನಾಲ್ಕು ಹಾಳೆ.
ಅವಳು ಸ್ಟೂಲು ಎಳೆದುಕೊಂಡು ಕೂತು
ಮೊದಲ ಪದದಿಂದ ಓದತೊಡಗಿದಳು, ಬಾಯಿಬಿಟ್ಟು,
ಮೂರನೇ ಕ್ಲಾಸಿನ ರಾಗದಲ್ಲಿ.

"ಸದರಿ ಅಂದ್ರೇನ್ರಿ ಸಾಬ್ರೇ?"
ಸಾವಿರಾರು ಸಲ ಬರೆದ ಪದ.
"ಅದು... ಸದರಿ ಅಂದ್ರೆ ಸದರಿ" ಅಂದೆ.
ಸಾಲಿನಲ್ಲಿ ನಿಂತವರು ನಕ್ಕರು. ಅವಳು ನಗಲಿಲ್ಲ.

"ಮೂರು ವರ್ಷ ಬಿಡಂಗಿಲ್ಲ. ಆಯ್ತು.
ಅಸಲು ಮಾರ್ಕ್ಸ್ ಕಾರ್ಡು ಅವರ ಬೀರುವಿನಾಗೆ.
ಯಾಕ್ರಿ, ನಾನೇನು ಅಡವಿಟ್ಟೀನಾ?
ಬಿಟ್ರೆ ಎರಡು ಲಕ್ಷ. ಬಿಟ್ಟ ಮೇಲೂ
ಎರಡು ವರ್ಷ ಈ ಜಿಲ್ಲೆಯಾಗೆ
ಯಾವ ಆಸ್ಪತ್ರೆ ಮೆಟ್ಟಿಲೂ ಹತ್ತಂಗಿಲ್ಲ.
ಹುಷಾರಿಲ್ಲದಾಗ್ಲೂ ಹತ್ತಬಾರದೇನ್ರಿ?"

ಬೈಕು ಆರಿತು.

ಬೇವಿನಡಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದ
ವಕೀಲ ರುದ್ರಮುನಿಯವರು ಬೆರಳು ನೆಕ್ಕುತ್ತ ಅಂದರು:
"ಆ ಕೊನೇದು ಕಾಗದದ ಮೇಲೇ ಸತ್ತೈತಿ ತಾಯಿ.
ಕರಾರು ಕಾಯಿದೆ, ಇಪ್ಪತ್ತೇಳನೇ ಕಲಂ.
ದುಡಿಯೋ ಕೈ ಕಟ್ಟೋ ಮಾತು ಊರ್ಜಿತ ಅಲ್ಲ.
ಎರಡು ಲಕ್ಷದ್ದು ಬೇರೆ ಕತೆ; ಅವರಿಗೆ
ಆದ ನಷ್ಟಕ್ಕೆ ತಕ್ಕಷ್ಟು ಕೇಳಬೌದು, ಬಾಯಿಗೆ ಬಂದಷ್ಟಲ್ಲ.
ಆದ್ರೆ ಕೋರ್ಟಿನಾಗೆ ಇದನ್ನ ಹೇಳಿಸೋಕೆ
ಎಷ್ಟು ವರ್ಷ ಹಿಡೀತದೋ, ನನ್ನ ಕೇಳಬ್ಯಾಡ.
ಇಲ್ಲೇ ಹೊಡೆದು ಹಾಕೋದು ಅಗ್ಗ."

ನನ್ನ ಪೆನ್ನು ಇಸಕೊಂಡು ಎರಡು ಸಾಲಿಗೆ ಗೆರೆ ಎಳೆದಳು,
ಗೆರೆಯ ತುದಿಗೆ ಚಿಕ್ಕ ರುಜು.
"ಸಾಹೇಬ್ರನ್ನ ಕೇಳಬೇಕು" ಎಂದು ಕಾಗದ ಮಡಚಿ
ಗುರುಶಾಂತಪ್ಪ ಹೋದರು.
ಟೈಪಿಂಗಿನ ಕಾಸು ಅವಳೇ ಕೊಟ್ಟಳು; ತಗೊಂಡೆ.
ಕೆಲಸ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ.

ಆ ಸಂಜೆ ಡ್ರಾಯರಿನ ತಳದಿಂದ
ನನ್ನ ಡಬ್ಬಿಯದೇ ಕರಾರು ತೆಗೆದೆ,
ನಾನೇ ಬರೆದದ್ದು, ಒಂಬತ್ತು ಸಲ ನವೀಕರಿಸಿದ್ದು.
ಅವಳ ಹಾಗೇ ಬಾಯಿಬಿಟ್ಟು ಓದಿದೆ:
"ಸದರಿ ಮಳಿಗೆಯನ್ನು ಖಾಲಿ ಮಾಡುವಾಗ
ಗೋಡೆಗಳ ಬಣ್ಣದ ಖರ್ಚನ್ನು ಮುಂಗಡದಲ್ಲಿ ಕಳೆಯತಕ್ಕದ್ದು."
ಗೋಡೆ!
ಸುತ್ತ ನೋಡಿದೆ. ನಾಲ್ಕು ತಗಡು. ತುಕ್ಕು.
ಅದಕ್ಕೂ ಒಪ್ಪಿದ್ದೇನೆ ನಾನು, ಸ್ವಸ್ಥಚಿತ್ತನಾಗಿ,
ಇಬ್ಬರು ಸಾಕ್ಷಿಗಳ ಎದುರು.

ಈಗ ಓದಿ ಹೇಳುತ್ತೇನೆ, ಜೋರಾಗಿ.
ಕೆಲವರು ಗಡಿಯಾರ ನೋಡುತ್ತಾರೆ,
ಕೆಲವರು ಆಚೆ ಡಬ್ಬಿಗೆ ಹೋಗುತ್ತಾರೆ, ಅಲ್ಲಿ ಬೇಗ ಆಗುತ್ತದೆ.
ನಿನ್ನೆ ಒಬ್ಬ ಮುದುಕ
ಇಂಕು ಹಚ್ಚಿದ ಹೆಬ್ಬೆರಳನ್ನು ಗಾಳಿಯಲ್ಲೇ ಹಿಡಿದು
ಕೊನೆತನಕ ಕೇಳಿದ. ಇಂಕು ಒಣಗಿತು.
"ಇನ್ನೊಂದ್ಸಲ ಹಚ್ರಿ" ಅಂದ.
ಪ್ಯಾಡು ಮುಂದೆ ಸರಿಸಿದೆ.
"ತಡೀರಿ, ಅದಕ್ಕೂ ಮೊದ್ಲು
ಆ ಮೂರನೇದನ್ನ ಇನ್ನೊಂದ್ಸಲ ಓದ್ರಿ."